ಸಾಫ್ಟ್‌ವೇರ್ ಓಪನ್ ಆಗ್ತಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಬಹುಪಾಲು ವಿಂಡೋಸ್ 10 ಮತ್ತು 11ಕ್ಕೆ ಸೇರಿದವು. ಮ್ಯಾಕ್, ಲಿನಕ್ಸ್ ಬಳಸುವವರಿಗೆ ಕೊನೆಯ ಭಾಗದಲ್ಲಿ ಸ್ವಲ್ಪ ಇದೆ. ಅಂಗಡಿಯ ಬಿಲ್ಲಿಂಗ್, ಡಿಟಿಪಿ ಸೆಂಟರ್, ಸೊಸೈಟಿಯ ಲೆಕ್ಕಪತ್ರ, ಮನೆಯ ಲ್ಯಾಪ್‌ಟಾಪ್ ಇವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಟೈಪ್ ಮಾಡಬೇಕಾದ ಆದೇಶಗಳನ್ನು ಓದಲು ಅನುಕೂಲವಾಗಲೆಂದು ಕನ್ನಡದಲ್ಲಿ ಕೊಟ್ಟಿದೆ; ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಬೇಕು.

ಐಕಾನ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಮೊದಲು ನಿಜಕ್ಕೂ ಏನೂ ಆಗುತ್ತಿಲ್ಲವೇ ಎಂದು ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಡೀಟೇಲ್ಸ್ ಪುಟ ತೆರೆದಿಟ್ಟುಕೊಂಡು, ಈಗ ಐಕಾನ್ ಮೇಲೆ ಡಬಲ್ ಕ್ಲಿಕ್ ಮಾಡಿ. ಮೂರರಲ್ಲಿ ಒಂದು ಆಗುತ್ತದೆ. ಪ್ರೋಗ್ರಾಂನ ಹೆಸರು ಪಟ್ಟಿಗೆ ಬಂದು ಅಲ್ಲೇ ಉಳಿಯಬಹುದು. ಬಂದು ಒಂದೆರಡು ಸೆಕೆಂಡಿನಲ್ಲಿ ಮಾಯವಾಗಬಹುದು. ಅಥವಾ ಬರದೇ ಇರಬಹುದು.

ಉಳಿದರೆ ಪ್ರೋಗ್ರಾಂ ಓಡುತ್ತಿದೆ, ನಿಮಗೆ ಕಾಣುತ್ತಿಲ್ಲ ಅಷ್ಟೇ. ಬಂದು ಹೋದರೆ ಶುರುವಾಗುವಾಗಲೇ ಎಡವಿ ಬಿದ್ದಿದೆ, ಕಾರಣ ವಿಂಡೋಸ್‌ನ ದಾಖಲೆಯಲ್ಲಿ ಬಹುತೇಕ ಸಿಗುತ್ತದೆ. ಬರಲೇ ಇಲ್ಲವೆಂದರೆ ಶಾರ್ಟ್‌ಕಟ್ ಕೆಟ್ಟಿದೆ, ಇಲ್ಲವೇ ಆಂಟಿವೈರಸ್ ಅಥವಾ ವಿಂಡೋಸ್ ಅದನ್ನು ತಡೆದಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಈ ಒಂದು ನಿಮಿಷದ ಕೆಲಸ ಬಿಟ್ಟು ನೇರವಾಗಿ ಅನ್‌ಇನ್‌ಸ್ಟಾಲ್‌ಗೆ ಕೈ ಹಾಕುವುದರಿಂದಲೇ ಅರ್ಧ ದಿನ ಹಾಳಾಗುವುದು.

ಶಾರ್ಟ್‌ಕಟ್ ಕೆಟ್ಟಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಒತ್ತಿ. ಫೋಲ್ಡರ್ ತೆರೆದು ಒಳಗೆ ಪ್ರೋಗ್ರಾಂನ ಫೈಲ್ ಕಂಡರೆ ಅಲ್ಲಿಂದಲೇ ಓಡಿಸಿ ನೋಡಿ. ತೆರೆದುಕೊಂಡರೆ ಹಳೆಯ ಐಕಾನ್ ಅಳಿಸಿ ಹೊಸದನ್ನು ಮಾಡಿಕೊಳ್ಳಿ. ಫೈಲೇ ಇಲ್ಲವೆಂದರೆ ಆಂಟಿವೈರಸ್ ಪ್ರಶ್ನೆಗೆ ಹೋಗಿ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಹೆಸರಿದೆ, ಪರದೆಯ ಮೇಲೆ ಕಿಟಕಿ ಇಲ್ಲ. ಯಾಕೆ?

ಲ್ಯಾಪ್‌ಟಾಪ್‌ಗೆ ಪ್ರೊಜೆಕ್ಟರನ್ನೋ ಎರಡನೇ ಮಾನಿಟರನ್ನೋ ಹಾಕಿ ಕೆಲಸ ಮಾಡಿ, ಆಮೇಲೆ ಕೇಬಲ್ ತೆಗೆದವರಿಗೆ ಇದು ಪದೇ ಪದೇ ಆಗುತ್ತದೆ. ಪ್ರೋಗ್ರಾಂ ತಾನು ಕಳೆದ ಸಲ ಇದ್ದ ಜಾಗವನ್ನು ನೆನಪಿಟ್ಟುಕೊಂಡು, ಈಗ ಇಲ್ಲದ ಪರದೆಯಲ್ಲಿ ಹೋಗಿ ತೆರೆದುಕೊಳ್ಳುತ್ತದೆ. ಟಾಸ್ಕ್‌ಬಾರ್‌ನಲ್ಲಿ ಅದರ ಐಕಾನ್ ಒತ್ತಿ, ಆಲ್ಟ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ, ಎಂ ಅಕ್ಷರ ಒತ್ತಿ, ಯಾವುದಾದರೂ ಬಾಣದ ಕೀಲಿಯನ್ನು ಒಮ್ಮೆ ಒತ್ತಿ ಮೌಸ್ ಅಲ್ಲಾಡಿಸಿ. ಕಿಟಕಿ ಮೌಸ್‌ಗೆ ಅಂಟಿಕೊಂಡು ಬರುತ್ತದೆ.

ಅದಲ್ಲವಾದರೆ, ನಿನ್ನೆ ಮುಚ್ಚಿದ್ದ ಪ್ರೋಗ್ರಾಂ ಪೂರ್ತಿ ಮುಚ್ಚಿರಲಿಕ್ಕಿಲ್ಲ. ಒಂದೇ ಪ್ರತಿ ಓಡಲು ಬಿಡುವ ತಂತ್ರಾಂಶಗಳು ಹಳೆಯ ಪ್ರತಿ ಜೀವಂತ ಇದ್ದರೆ ಹೊಸದನ್ನು ಸದ್ದಿಲ್ಲದೆ ನಿಲ್ಲಿಸುತ್ತವೆ. ಡೀಟೇಲ್ಸ್ ಪಟ್ಟಿಯಲ್ಲಿ ಆ ಹೆಸರಿನ ಎಲ್ಲ ಸಾಲುಗಳಿಗೂ ‘ಎಂಡ್ ಟಾಸ್ಕ್’ ಕೊಟ್ಟು ಮತ್ತೆ ತೆರೆಯಿರಿ.

ಬಹಳ ಜನರಿಗೆ ಹೊಳೆಯದ ಇನ್ನೊಂದು ಕಾರಣ ಪ್ರಿಂಟರ್. ವರ್ಡ್, ಎಕ್ಸೆಲ್ ಸೇರಿದಂತೆ ಹಲವು ತಂತ್ರಾಂಶಗಳು ತೆರೆಯುವಾಗ ಡಿಫಾಲ್ಟ್ ಪ್ರಿಂಟರ್‌ನಿಂದ ಕಾಗದದ ಅಳತೆ ಮೊದಲಾದ ವಿವರ ಕೇಳುತ್ತವೆ. ಆ ಪ್ರಿಂಟರ್ ಆಫೀಸಿನ ನೆಟ್‌ವರ್ಕ್‌ನದ್ದಾಗಿ, ನೀವು ಮನೆಯಲ್ಲಿದ್ದರೆ ಉತ್ತರಕ್ಕಾಗಿ ಕಾಯುತ್ತಲೇ ಇರುತ್ತವೆ. ಸೆಟ್ಟಿಂಗ್ಸ್‌ನಲ್ಲಿ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಅನ್ನು ಡಿಫಾಲ್ಟ್ ಮಾಡಿ ನೋಡಿ. ಡಿಟಿಪಿ ಮಾಡುವವರು ಇದನ್ನೇ ಮೊದಲು ಪರೀಕ್ಷಿಸುವುದು ಒಳ್ಳೆಯದು.

ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೂ ಹಾಗೇ ಇದೆ.

ಶಟ್‌ಡೌನ್ ಬೇಡ, ರೀಸ್ಟಾರ್ಟ್ ಕೊಡಿ. ಬೇಗ ಆನ್ ಆಗಲೆಂದಿರುವ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯ ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ಒಳಭಾಗ ಮತ್ತು ಡ್ರೈವರ್‌ಗಳ (ಪ್ರಿಂಟರ್‌ನಂಥ ಸಾಧನಗಳನ್ನು ನಡೆಸುವ ತಂತ್ರಾಂಶ) ಸ್ಥಿತಿ ಡಿಸ್ಕ್‌ಗೆ ಉಳಿದು, ಬೆಳಿಗ್ಗೆ ಅದೇ ಸ್ಥಿತಿ ವಾಪಸ್ ಬರುತ್ತದೆ. ಎಲ್ಲವೂ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್‌ನಲ್ಲಿ. ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿದರೂ ಪೂರ್ತಿ ಆರುತ್ತದೆ.

ಒಂದು ಕ್ಷಣ ಬಂದು, ಯಾವ ಮೆಸೇಜೂ ತೋರಿಸದೆ ಮುಚ್ಚಿಕೊಳ್ಳುತ್ತದೆ. ಕಾರಣ ಎಲ್ಲಿ ಹುಡುಕಲಿ?

ಈವೆಂಟ್ ವ್ಯೂವರ್‌ನಲ್ಲಿ. ಸ್ಟಾರ್ಟ್ ಮೆನುವಿನಲ್ಲಿ ಆ ಹೆಸರು ಬರೆದರೆ ಸಿಗುತ್ತದೆ. ಎಡಗಡೆ ‘ವಿಂಡೋಸ್ ಲಾಗ್ಸ್’, ಅದರೊಳಗೆ ‘ಅಪ್ಲಿಕೇಶನ್’. ಕೆಂಪು ಗುರುತಿನ ಸಾಲುಗಳಲ್ಲಿ ನೀವು ಪ್ರಯತ್ನಿಸಿದ ಸಮಯಕ್ಕೆ ಹೊಂದುವುದನ್ನು ತೆರೆಯಿರಿ. ಸಂಖ್ಯೆ 1000 ಇದ್ದರೆ ಪ್ರೋಗ್ರಾಂ ಕುಸಿದಿದೆ, 1002 ಇದ್ದರೆ ಹ್ಯಾಂಗ್ ಆಗಿದೆ, 1026 ಇದ್ದರೆ ಡಾಟ್‌ನೆಟ್‌ನಲ್ಲಿ (ಪ್ರೋಗ್ರಾಂ ಬರೆಯಲು, ಓಡಿಸಲು ಮೈಕ್ರೋಸಾಫ್ಟ್ ಕೊಡುವ ವ್ಯವಸ್ಥೆ) ಬರೆದ ಪ್ರೋಗ್ರಾಂ ಒಳಗೆ ದೋಷ ಬಂದಿದೆ.

1000ರ ಸಾಲಿನಲ್ಲಿ ನೋಡಬೇಕಾದ್ದು ‘ಫಾಲ್ಟಿಂಗ್ ಮಾಡ್ಯೂಲ್’ ಎಂಬ ಹೆಸರು. ಕುಸಿದದ್ದು ಯಾವ ಫೈಲ್ ಒಳಗೆ ಎಂದು ಅದು ಹೇಳುತ್ತದೆ. ಆ ಫೈಲ್ ಪ್ರಿಂಟರ್ ಡ್ರೈವರ್‌ನದ್ದಾಗಿದ್ದರೆ ಪ್ರಿಂಟರ್ ಕಡೆ ನೋಡಿ. ಎನ್‌ವಿಡಿಯಾ, ಎಎಂಡಿ ಅಥವಾ ಇಂಟೆಲ್‌ನ ಗ್ರಾಫಿಕ್ಸ್ ಫೈಲ್ ಆಗಿದ್ದರೆ ಡ್ರೈವರ್ ಅಪ್‌ಡೇಟ್ ಮಾಡಿ. ಮೊನ್ನೆಯಷ್ಟೇ ಅಪ್‌ಡೇಟ್ ಆಗಿದ್ದರೆ ಹಿಂದಿನದಕ್ಕೆ ಮರಳಿ. ಯಾವುದೋ ಆಡ್-ಇನ್ (ಪ್ರೋಗ್ರಾಂಗೆ ಜೋಡಿಸಿದ ಹೆಚ್ಚುವರಿ ತುಣುಕು) ಹೆಸರು ಕಂಡರೆ ಅದನ್ನು ತೆಗೆಯಿರಿ. ಆದರೆ ಎನ್‌ಟಿಡಿಎಲ್‌ಎಲ್ ಅಥವಾ ಕರ್ನಲ್‌ಬೇಸ್ ಎಂದಿದ್ದರೆ ಅವುಗಳನ್ನು ಬೈಯಬೇಡಿ. ಅವು ವಿಂಡೋಸ್‌ನದೇ ಫೈಲ್‌ಗಳು, ತಪ್ಪು ಮಾಡಿದವರು ಬೇರೆಯವರಾದರೂ ಬೀಳುವುದು ಅಲ್ಲಿ ಬಂದು.

ಈ ಪಟ್ಟಿ ಕಣ್ಣಿಗೆ ಕಷ್ಟ ಎನಿಸಿದರೆ ‘ರಿಲಯಬಿಲಿಟಿ ಹಿಸ್ಟರಿ’ ಎಂದು ಸ್ಟಾರ್ಟ್ ಮೆನುವಿನಲ್ಲಿ ಹುಡುಕಿ. ಇದೇ ಮಾಹಿತಿ ದಿನವಾರು ಚಾರ್ಟ್‌ನಲ್ಲಿ ಬರುತ್ತದೆ. ಯಾವ ದಿನ ಏನು ಇನ್‌ಸ್ಟಾಲ್ ಆಯಿತು, ಮರುದಿನದಿಂದ ಯಾವುದು ಕುಸಿಯಲು ಶುರುವಾಯಿತು ಎನ್ನುವುದು ಪಕ್ಕಪಕ್ಕದಲ್ಲೇ ಕಾಣುತ್ತದೆ. ವಿಂಡೋಸ್‌ನಲ್ಲಿ ಇಷ್ಟು ಉಪಯುಕ್ತವಾಗಿದ್ದೂ ಇಷ್ಟು ಮೂಲೆಗೆ ಸೇರಿದ ಸಾಧನ ಇನ್ನೊಂದಿಲ್ಲ.

‘ಡಿಎಲ್‌ಎಲ್ ಫೈಲ್ ಕಾಣುತ್ತಿಲ್ಲ’ ಎಂದು ಬರುತ್ತದೆ. ಆ ಫೈಲನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬಹುದೇ?

ಬೇಡ. ಡಿಎಲ್‌ಎಲ್ ಎಂದರೆ ಪ್ರೋಗ್ರಾಂಗಳು ಓಡಲು ಬಳಸುವ ಸಹಾಯಕ ಫೈಲ್. ಬಿಡಿ ಬಿಡಿಯಾಗಿ ಅದನ್ನು ಹಂಚುವ ತಾಣಗಳಲ್ಲಿ ಸಿಗುವುದು ಯಾವ ಆವೃತ್ತಿಯೋ, ಜೊತೆಗೆ ಏನು ಅಂಟಿಕೊಂಡಿದೆಯೋ ಹೇಳಲಾಗದು. ಹೆಸರು ನೋಡಿದರೆ ಬೇಕಾದ್ದು ಯಾವುದೆಂದು ತಿಳಿಯುತ್ತದೆ. ಎಂಎಸ್‌ವಿಸಿಪಿ ಅಥವಾ ವಿಸಿರನ್‌ಟೈಮ್ ಎಂದು ಶುರುವಾಗಿ ಕೊನೆಗೊಂದು ಸಂಖ್ಯೆ ಇದ್ದರೆ ಅದು ಮೈಕ್ರೋಸಾಫ್ಟ್‌ನ ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಎಂಬ ಪ್ಯಾಕೇಜ್‌ಗೆ ಸೇರಿದ್ದು. 100 ಇದ್ದರೆ 2010ರದ್ದು, 110 ಇದ್ದರೆ 2012, 120 ಇದ್ದರೆ 2013. 140 ಇದ್ದರೆ 2015 ಮತ್ತು ಅದರ ನಂತರದ್ದು. 2015ರಿಂದ ಈಚಿನವಕ್ಕೆಲ್ಲ ಒಂದೇ ಪ್ಯಾಕೇಜ್ ಸಾಕು, ಹಿಂದಿನವು ಮಾತ್ರ ಒಂದೊಂದಾಗಿ ಬೇಕು. ಎಲ್ಲವೂ ಮೈಕ್ರೋಸಾಫ್ಟ್ ತಾಣದಲ್ಲಿ ಉಚಿತ.

ಇಲ್ಲಿ ಎಲ್ಲರೂ ಮುಗ್ಗರಿಸುವ ಜಾಗ ಒಂದಿದೆ. ವಿಂಡೋಸ್‌ಗೂ ಪ್ರೋಗ್ರಾಂಗಳಿಗೂ 32 ಬಿಟ್ (ಹಳೆಯ ಬಗೆ), 64 ಬಿಟ್ (ಹೊಸ ಬಗೆ) ಎಂದು ಎರಡು ಬಗೆ ಉಂಟು. ನಿಮ್ಮ ವಿಂಡೋಸ್ 64 ಬಿಟ್ ಎಂದ ಮಾತ್ರಕ್ಕೆ 64 ಬಿಟ್ ಪ್ಯಾಕೇಜ್ ಸಾಲದು. ಪ್ರೋಗ್ರಾಂ 32 ಬಿಟ್ ಆಗಿದ್ದರೆ ಅದಕ್ಕೆ 32 ಬಿಟ್‌ನದೇ ಬೇಕು. ಎರಡನ್ನೂ ಹಾಕಿಬಿಡಿ, ಒಂದಕ್ಕೊಂದು ತೊಂದರೆ ಕೊಡುವುದಿಲ್ಲ.

ಇನ್ನೊಂದು: ಪ್ರೋಗ್ರಾಂ ಜಿಪ್ ಫೈಲ್ ಆಗಿ ಬಂದಿದ್ದು, ಅದನ್ನು ಬಿಚ್ಚದೆ ಒಳಗಿನಿಂದಲೇ ಡಬಲ್ ಕ್ಲಿಕ್ ಮಾಡಿದ್ದೀರಾ? ಹಾಗಾದರೆ ಆ ಒಂದು ಫೈಲ್ ಮಾತ್ರ ಹೊರಬರುತ್ತದೆ, ಅದರ ಸಂಗಾತಿ ಫೈಲ್‌ಗಳು ಒಳಗೇ ಉಳಿಯುತ್ತವೆ. ‘ಎಕ್ಸ್‌ಟ್ರಾಕ್ಟ್ ಆಲ್’ ಕೊಟ್ಟು ಹೊಸ ಫೋಲ್ಡರ್‌ನಿಂದ ತೆರೆಯಿರಿ.

0ಎಕ್ಸ್‌ಸಿ ಎಂದು ಶುರುವಾಗುವ ಎರರ್ ಕೋಡ್‌ಗಳ ಅರ್ಥವೇನು?

ಕೊನೆಯ ಅಂಕಿಗಳನ್ನು ನೋಡಿ. 7ಬಿ ಎಂದು ಮುಗಿದರೆ 32 ಬಿಟ್ ಪ್ರೋಗ್ರಾಂಗೆ 64 ಬಿಟ್ ಫೈಲೋ, 64 ಬಿಟ್ ಪ್ರೋಗ್ರಾಂಗೆ 32 ಬಿಟ್ ಫೈಲೋ ಗಂಟು ಬಿದ್ದಿದೆ. ಮೇಲಿನ ಪ್ಯಾಕೇಜ್‌ಗಳನ್ನು ಹೊಸದಾಗಿ ಹಾಕಿ. 135 ಎಂದರೆ ಬೇಕಾದ ಡಿಎಲ್‌ಎಲ್ ಸಿಕ್ಕಿಲ್ಲ, ಹಲವು ಸಲ ಡಾಟ್‌ನೆಟ್ ಇಲ್ಲ ಎಂದರ್ಥ. 142 ಎಂದರೆ ಡಿಎಲ್‌ಎಲ್ ಸಿಕ್ಕಿದೆ, ಶುರುವಾಗಲು ಒಪ್ಪಲಿಲ್ಲ. 22 ಎಂದರೆ ಅನುಮತಿ ಇಲ್ಲ. 005 ಎಂದು ಮುಗಿಯುವುದು ತನ್ನದಲ್ಲದ ಮೆಮೊರಿಗೆ ಕೈ ಹಾಕಿದ್ದಕ್ಕೆ ಬರುವ ಕೋಡ್. ಇದೊಂದರಿಂದ ಕಾರಣ ಹೇಳಲಾಗದು, ಈವೆಂಟ್ ವ್ಯೂವರ್‌ನ ಮಾಡ್ಯೂಲ್ ಹೆಸರೂ ಬೇಕು.

ಡಾಟ್‌ನೆಟ್ 3.5 ಬೇಕು ಎನ್ನುತ್ತದೆ. ನನ್ನಲ್ಲಿ 4.8 ಇದೆಯಲ್ಲ?

ಹೊಸದಿದ್ದರೆ ಹಳೆಯದೂ ಇದ್ದಂತೆ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. 3.5 ಪ್ರತ್ಯೇಕ, 2.0 ಮತ್ತು 3.0 ಅದರೊಳಗೇ ಬರುತ್ತವೆ. ಸ್ಟಾರ್ಟ್ ಮೆನುವಿನಲ್ಲಿ ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ತೆರೆದು ಅದರ ಮುಂದೆ ಟಿಕ್ ಹಾಕಿ. ಇಂಟರ್ನೆಟ್ ಬೇಕು. ಕೊನೆಯಲ್ಲಿ 081ಎಫ್ ಎಂದು ಮುಗಿಯುವ ಎರರ್ ಬಂದರೆ ವಿಂಡೋಸ್‌ಗೆ ಮೂಲ ಫೈಲ್‌ಗಳು ಸಿಕ್ಕಿಲ್ಲ ಎಂದು ತಿಳಿಯಿರಿ. ಆಗ ಅದೇ ಆವೃತ್ತಿಯ ವಿಂಡೋಸ್ ಇನ್‌ಸ್ಟಾಲೇಶನ್ ಪೆನ್‌ಡ್ರೈವ್‌ನ ‘ಸೋರ್ಸಸ್’ ಒಳಗಿನ ‘ಎಸ್‌ಎಕ್ಸ್‌ಎಸ್’ ಫೋಲ್ಡರ್‌ನಿಂದ ಹಾಕಿಸಬೇಕಾಗುತ್ತದೆ.

ಅಂಗಡಿಯ ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರನ್ನು ಹೊಸ ಕಂಪ್ಯೂಟರ್‌ಗೆ ಹಾಕಿದೆವು. ಎಷ್ಟು ಮಾಡಿದರೂ ತೆರೆಯುವುದಿಲ್ಲ.

ಊರೂರಿನ ಡೆವಲಪರ್‌ಗಳು ವಿಷುಯಲ್ ಬೇಸಿಕ್ 6 ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟ ತಂತ್ರಾಂಶಗಳು ಇಂದಿಗೂ ದಿನಸಿ ಅಂಗಡಿ, ಮೆಡಿಕಲ್ ಸ್ಟೋರ್‌ಗಳಲ್ಲಿ ಓಡುತ್ತಿವೆ. ಅವುಗಳ ರಗಳೆಗಳು ಒಂದೇ ಬಗೆಯವು.

ಮೊದಲನೆಯದು ಓಸಿಎಕ್ಸ್ (ಪ್ರೋಗ್ರಾಂ ಬಳಸುವ ಘಟಕದ ಫೈಲ್) ಎರರ್: ‘ಕಾಂಪೊನೆಂಟ್ ನಾಟ್ ಕರೆಕ್ಟ್ಲಿ ರಿಜಿಸ್ಟರ್ಡ್’. ಹಳೆಯ ಕಂಪ್ಯೂಟರ್‌ನಿಂದ ಫೋಲ್ಡರ್ ಕಾಪಿ ಮಾಡಿ ತಂದರೆ ಇದು ಖಂಡಿತ ಬರುತ್ತದೆ. ಪ್ರೋಗ್ರಾಂ ಬಂದಿದೆ, ಅದಕ್ಕೆ ಬೇಕಾದ ಘಟಕಗಳು ಬಂದಿಲ್ಲ. ಮೂಲ ಸೆಟಪ್ ಸಿಡಿ ಇದ್ದರೆ ಅದರಿಂದಲೇ ಇನ್‌ಸ್ಟಾಲ್ ಮಾಡುವುದು ಸರಿಯಾದ ದಾರಿ. ಇಲ್ಲದಿದ್ದರೆ ಆ ಓಸಿಎಕ್ಸ್ ಫೈಲನ್ನು ಹಳೆಯ ಯಂತ್ರದಿಂದ ತಂದು, ವಿಂಡೋಸ್ ಫೋಲ್ಡರ್‌ನ ‘ಸಿಸ್‌ವೌ64’ ಒಳಗಿಟ್ಟು, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಆ ಫೋಲ್ಡರ್‌ಗೇ ಹೋಗಿ, ಅಲ್ಲಿರುವ ರೆಗ್‌ಎಸ್‌ವಿಆರ್32 ಮೂಲಕ ನೋಂದಾಯಿಸಬೇಕು. ಹೆಸರಿನಲ್ಲಿ 64 ಇದ್ದರೂ 32 ಬಿಟ್ ಫೈಲ್‌ಗಳು ಇರುವುದು ಆ ಫೋಲ್ಡರ್‌ನಲ್ಲೇ; ‘ಸಿಸ್ಟಂ32’ ಒಳಗಿರುವವು 64 ಬಿಟ್‌ನವು. ಹೆಸರಿಟ್ಟವರನ್ನು ಕೇಳಬೇಕು.

ಎರಡನೆಯದು ತಾರೀಖು. ಹೊಸ ಕಂಪ್ಯೂಟರ್‌ನಲ್ಲಿ ರೀಜನ್ ಅಮೆರಿಕ ಎಂದೇ ಉಳಿದಿದ್ದರೆ ತಿಂಗಳು ಮುಂದೆ, ದಿನ ಹಿಂದೆ. ಪ್ರೋಗ್ರಾಂ ನಮ್ಮ ಕ್ರಮವನ್ನು ನಿರೀಕ್ಷಿಸುತ್ತದೆ. ಕೆಲವು ತೆರೆಯುವಾಗಲೇ ‘ಟೈಪ್ ಮಿಸ್‌ಮ್ಯಾಚ್’ ಎನ್ನುತ್ತವೆ. ಇನ್ನು ಕೆಲವು ತಿಂಗಳ 12ನೇ ತಾರೀಖಿನವರೆಗೆ ಏನೂ ಆಗಿಲ್ಲದವರಂತೆ ಓಡಿ 13ರ ಬೆಳಿಗ್ಗೆ ಕೈಕೊಡುತ್ತವೆ, ಏಕೆಂದರೆ 13ನೇ ತಿಂಗಳೆಂಬುದು ಇಲ್ಲ. ಅಷ್ಟರಲ್ಲಿ ಮೊದಲ 12 ದಿನಗಳ ಬಿಲ್ಲುಗಳ ತಾರೀಖು ತಿರುಗಾಮುರುಗಾ ಆಗಿರಬಹುದು, ಅದನ್ನೂ ನೋಡಿಕೊಳ್ಳಿ. ರೀಜನ್ ಅನ್ನು ಇಂಡಿಯಾ, ಫಾರ್ಮ್ಯಾಟನ್ನು ಇಂಗ್ಲಿಷ್ ಇಂಡಿಯಾ ಮಾಡಿ.

ಮೂರನೆಯದು ತುಸು ಗಂಭೀರ. ಹಳೆಯ ತಂತ್ರಾಂಶಗಳು ತಮ್ಮ ಡೇಟಾವನ್ನು ಪ್ರೋಗ್ರಾಂ ಫೈಲ್ಸ್ ಒಳಗೇ ಬರೆಯುತ್ತವೆ. ವಿಸ್ಟಾ ಎಂಬ ಆವೃತ್ತಿಯಿಂದ ಈಚೆಗೆ ವಿಂಡೋಸ್ ಅದಕ್ಕೆ ಬಿಡುವುದಿಲ್ಲ. ಬದಲಿಗೆ ಬಳಕೆದಾರನ ಫೋಲ್ಡರ್ ಒಳಗೆ ‘ವರ್ಚುಯಲ್‌ಸ್ಟೋರ್’ ಎಂಬಲ್ಲಿಗೆ ಗುಟ್ಟಾಗಿ ಸಾಗಿಸುತ್ತದೆ. ಹೀಗಿರುವಾಗ ಯಾರೋ ಬಂದು ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಟಿಕ್ ಹಾಕಿದರೆ ಪ್ರೋಗ್ರಾಂ ಮೂಲ ಜಾಗದ ಹಳೆಯ ಫೈಲನ್ನು ಓದುತ್ತದೆ. ಆರು ತಿಂಗಳ ಬಿಲ್ಲುಗಳೇ ಕಾಣೆ! ಅಳಿಸಿಲ್ಲ, ಇನ್ನೊಂದು ಕಡೆ ಇವೆ. ಆ ಸ್ಥಿತಿಯಲ್ಲಿ ಹೊಸ ಬಿಲ್ ಹಾಕದೆ ಮೊದಲು ವರ್ಚುಯಲ್‌ಸ್ಟೋರ್ ಹುಡುಕಿ. ಇಂಥ ತಂತ್ರಾಂಶವನ್ನು ಪ್ರೋಗ್ರಾಂ ಫೈಲ್ಸ್ ಬಿಟ್ಟು ಡಿ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ ಇನ್‌ಸ್ಟಾಲ್ ಮಾಡುವುದು ಎಷ್ಟೋ ಮೇಲು.

ಡಾಸ್ ಕಾಲದ ಫಾಕ್ಸ್‌ಪ್ರೊ ಲೆಕ್ಕದ ಪ್ರೋಗ್ರಾಂ ವಿಂಡೋಸ್ 11ರಲ್ಲಿ ಓಡುತ್ತದೆಯೇ?

ನೇರವಾಗಿ ಓಡುವುದಿಲ್ಲ. 64 ಬಿಟ್ ವಿಂಡೋಸ್‌ನಲ್ಲಿ ಡಾಸ್ (ವಿಂಡೋಸ್‌ಗೂ ಹಿಂದಿನ ವ್ಯವಸ್ಥೆ) ಕಾಲದ 16 ಬಿಟ್ ಪ್ರೋಗ್ರಾಂಗಳಿಗೆ ಜಾಗವಿಲ್ಲ, ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಹಳೆಯ ವಿಂಡೋಸ್‌ನಂತೆ ನಟಿಸುವ ಕಂಪ್ಯಾಟಿಬಿಲಿಟಿ ಮೋಡ್‌ನಲ್ಲಿ ಏನು ಆರಿಸಿದರೂ ವ್ಯರ್ಥ. ಡಾಸ್‌ಬಾಕ್ಸ್ ಎಂಬ ಉಚಿತ ಸಾಧನದೊಳಗೆ ಓಡಿಸಬಹುದು, ಅಥವಾ ವರ್ಚುವಲ್ ಮೆಷಿನ್‌ನಲ್ಲಿ (ಕಂಪ್ಯೂಟರ್‌ನೊಳಗೆ ಇನ್ನೊಂದು ಕಂಪ್ಯೂಟರ್‌ನಂತೆ ಓಡುವ ತಂತ್ರಾಂಶ) ಹಳೆಯ ವಿಂಡೋಸ್ ಹಾಕಿ ಅದರಲ್ಲಿ. ಹಳೆಯ ಲೆಡ್ಜರ್ ನೋಡುವುದಷ್ಟೇ ಕೆಲಸವಾದರೆ ಡಾಸ್‌ಬಾಕ್ಸ್ ಸಾಕು. ಈಗಲೂ ದಿನದ ವ್ಯವಹಾರ ಅದರಲ್ಲೇ ನಡೆಯುತ್ತಿದೆ ಎಂದಾದರೆ ಡೇಟಾವನ್ನು ಹೊರತೆಗೆದು ಹೊಸದಕ್ಕೆ ದಾಟಿಸುವ ಏರ್ಪಾಡು ಮಾಡಿ.

ವಿಂಡೋಸ್‌ನಲ್ಲಿ ನನ್ನ ಹೆಸರನ್ನು ಕನ್ನಡದಲ್ಲೇ ಇಟ್ಟಿದ್ದೇನೆ. ಅದರಿಂದ ತೊಂದರೆಯೇ?

ಕೆಲವು ತಂತ್ರಾಂಶಗಳಿಗೆ ಹೌದು, ಮತ್ತು ಈ ಕಾರಣ ಹೊರಗಿನವರ ಸಹಾಯ ಪುಟಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಲೋಕಲ್ ಅಕೌಂಟ್ ಮಾಡುವಾಗ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಟ್ಟರೆ ಸಿ ಡ್ರೈವ್‌ನ ಯೂಸರ್ಸ್ ಒಳಗೆ ಅದೇ ಹೆಸರಿನ ಫೋಲ್ಡರ್ ಆಗುತ್ತದೆ. ಪ್ರೋಗ್ರಾಂಗಳು ತಮ್ಮ ಸೆಟ್ಟಿಂಗ್, ತಾತ್ಕಾಲಿಕ ಫೈಲ್ ಎಲ್ಲವನ್ನೂ ಬರೆಯುವುದು ಅದರೊಳಗೆ. ಯುನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ವ್ಯವಸ್ಥೆ) ಅರಿತ ತಂತ್ರಾಂಶಕ್ಕೆ ಇದರಿಂದ ಏನೂ ಇಲ್ಲ. ಹಳೆಯವು ಲಿಪಿಗೊಂದು ಅಕ್ಷರಪಟ್ಟಿ ಇರುವ ಕೋಡ್ ಪೇಜ್ ಎಂಬ ವ್ಯವಸ್ಥೆಯನ್ನು ನೆಚ್ಚಿಕೊಂಡಿವೆ. ರಷ್ಯನ್‌ಗೆ, ಅರೇಬಿಕ್‌ಗೆ, ಥಾಯ್‌ಗೆ ವಿಂಡೋಸ್‌ನಲ್ಲಿ ಅಂಥ ಕೋಡ್ ಪೇಜ್ ಇದೆ. ಕನ್ನಡಕ್ಕೆ ಇಲ್ಲ, ಕನ್ನಡ ಬಂದದ್ದೇ ಯುನಿಕೋಡ್ ಮೂಲಕ. ಹಾಗಾಗಿ ಹಳೆಯ ಪ್ರೋಗ್ರಾಂಗೆ ನಿಮ್ಮ ಹೆಸರು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಅಂಥ ಫೋಲ್ಡರ್ ಎಲ್ಲೂ ಇಲ್ಲ, ಪ್ರೋಗ್ರಾಂ ಅಲ್ಲಿಗೇ ಕೈಚೆಲ್ಲುತ್ತದೆ.

ಅಕೌಂಟ್‌ನ ಹೆಸರನ್ನು ಆಮೇಲೆ ಇಂಗ್ಲಿಷ್‌ಗೆ ಬದಲಿಸಿದರೆ ಪ್ರಯೋಜನವಿಲ್ಲ, ಫೋಲ್ಡರ್‌ನ ಹೆಸರು ಹಳೆಯದೇ ಇರುತ್ತದೆ. ಇಂಗ್ಲಿಷ್ ಅಕ್ಷರದ ಹೊಸ ಅಕೌಂಟ್ ಮಾಡಿ, ಫೈಲ್‌ಗಳನ್ನು ಅಲ್ಲಿಗೆ ಸಾಗಿಸಿ. ತೋರಿಸುವ ಹೆಸರನ್ನು ಆಮೇಲೆ ಕನ್ನಡ ಮಾಡಿಕೊಳ್ಳಬಹುದು. ಅಷ್ಟು ಬೇಡವೆಂದರೆ ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ಎಂಬ ಸೆಟ್ಟಿಂಗ್‌ನಲ್ಲಿ, ತಾತ್ಕಾಲಿಕ ಫೈಲ್‌ಗಳ ಜಾಗ ಹೇಳುವ ಟೆಂಪ್ ಮತ್ತು ಟಿಎಂಪಿ ಎರಡನ್ನೂ ಸಿ ಡ್ರೈವ್‌ನ ಒಂದು ಸಾದಾ ಫೋಲ್ಡರ್‌ಗೆ ತಿರುಗಿಸಿ ನೋಡಿ. ಎಷ್ಟೋ ಇನ್‌ಸ್ಟಾಲರ್‌ಗಳು ಅಷ್ಟಕ್ಕೇ ದಾರಿಗೆ ಬರುತ್ತವೆ. ರೀಜನ್ ಸೆಟ್ಟಿಂಗ್‌ನಲ್ಲಿ ಯುಟಿಎಫ್-8 ಬಳಸುವ ‘ಬೀಟಾ’ ಆಯ್ಕೆಯೂ ಒಂದಿದೆ. ಅದು ಈ ತೊಂದರೆಯನ್ನು ಬಿಡಿಸಿ, ಬೇರೆ ಹಳೆಯ ತಂತ್ರಾಂಶಗಳನ್ನು ಕೆಡಿಸಿದ್ದೂ ಉಂಟು. ಯಾರೋ ಅದನ್ನು ಚಾಲೂ ಮಾಡಿ ಮರೆತಿದ್ದರೆ ತೆಗೆದು ನೋಡಿ.

ಇದರರ್ಥ ಫೈಲ್‌ಗಳಿಗೆ ಕನ್ನಡ ಹೆಸರು ಇಡಬಾರದೆಂದಲ್ಲ. ಖಂಡಿತ ಇಡಿ. ಅಕೌಂಟ್‌ನ ಫೋಲ್ಡರ್ ಒಂದನ್ನು ಬಿಟ್ಟುಬಿಡಿ.

ನುಡಿ ಅಥವಾ ಬರಹ ತೆರೆದರೆ ಏನೂ ಕಾಣುವುದಿಲ್ಲ. ಕೆಲವು ಕಡೆ ಕನ್ನಡವೂ ಮೂಡುವುದಿಲ್ಲ.

ಕೀಲಿಮಣೆ ತಂತ್ರಾಂಶಗಳು ಪರದೆಯ ಬಲ ಮೂಲೆಯ ಗಡಿಯಾರದ ಪಕ್ಕ ಪುಟ್ಟ ಐಕಾನ್ ಆಗಿ ಕೂರುವುದುಂಟು. ಅಲ್ಲಿನ ಮೇಲ್ಮುಖ ಬಾಣ ಒತ್ತಿ ನೋಡಿ.

ತೆರೆದಿದ್ದೂ ಒಂದು ನಿರ್ದಿಷ್ಟ ಪ್ರೋಗ್ರಾಂನಲ್ಲಿ ಮಾತ್ರ ಕನ್ನಡ ಮೂಡದಿದ್ದರೆ, ಆ ಪ್ರೋಗ್ರಾಂ ಅಡ್ಮಿನಿಸ್ಟ್ರೇಟರ್ ಆಗಿ ಓಡುತ್ತಿರಬಹುದು. ಸಾಮಾನ್ಯ ಹಕ್ಕಿನ ಪ್ರೋಗ್ರಾಂ ಹೆಚ್ಚಿನ ಹಕ್ಕಿನ ಪ್ರೋಗ್ರಾಂನ ಕೀಲಿ ಒತ್ತುವಿಕೆಯಲ್ಲಿ ಕೈ ಆಡಿಸದಂತೆ ವಿಂಡೋಸ್ ತಡೆಯುತ್ತದೆ. ಪುಟ ವಿನ್ಯಾಸದ 2001ರ ತಂತ್ರಾಂಶ ಪೇಜ್‌ಮೇಕರ್ 7ನ್ನು ಇಂದಿನ ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸುವವರು ಕೀಲಿಮಣೆ ತಂತ್ರಾಂಶವನ್ನೂ ಹಾಗೇ ಓಡಿಸಬೇಕು. ಕೀಲಿಗಳ ಮೇಲೆ ಕಣ್ಣಿಡುವುದೇ ಇವುಗಳ ಕೆಲಸವಾದ್ದರಿಂದ ಆಂಟಿವೈರಸ್ ಇವನ್ನು ಕಳ್ಳ ತಂತ್ರಾಂಶವೆಂದು ತಪ್ಪು ತಿಳಿಯುವ ಸಂಭವವೂ ಇದೆ.

ಬರೀ ಯುನಿಕೋಡ್ ಟೈಪಿಂಗ್ ಸಾಕು ಎನ್ನುವವರಿಗೆ ವಿಂಡೋಸ್ 10ರ 2019ರ ಮೇ ಅಪ್‌ಡೇಟ್‌ನಿಂದ ಕನ್ನಡದ ಫೊನೆಟಿಕ್ ಕೀಲಿಮಣೆ ಒಳಗೇ ಬರುತ್ತದೆ.

ಶ್ರೀಲಿಪಿಯಂಥ ಡಾಂಗಲ್ ಇರುವ ಸಾಫ್ಟ್‌ವೇರ್ ತೆರೆಯುತ್ತಿಲ್ಲ.

ಡಾಂಗಲ್ ಎಂದರೆ ಲೈಸೆನ್ಸ್‌ನ ಗುರುತಾಗಿ ಯುಎಸ್‌ಬಿಗೆ ಚುಚ್ಚುವ ಪುಟ್ಟ ಸಾಧನ. ಅದರ ಡ್ರೈವರ್ ಹೊಸದಾಗಿ ಹಾಕಿ. ಯುಎಸ್‌ಬಿ ಹಬ್ ಬಿಟ್ಟು ನೇರವಾಗಿ ಕಂಪ್ಯೂಟರ್‌ಗೆ ಚುಚ್ಚಿ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಇದೆಯೇ ನೋಡಿ.

ಆಂಟಿವೈರಸ್ ತಡೆದಿದೆಯೇ ಎಂದು ತಿಳಿಯುವುದು ಹೇಗೆ?

ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಪ್ರೊಟೆಕ್ಷನ್ ಹಿಸ್ಟರಿ’ ತೆರೆಯಿರಿ. ನಿಮ್ಮ ಪ್ರೋಗ್ರಾಂನ ಫೈಲ್ ಕ್ವಾರಂಟೈನ್‌ನಲ್ಲಿದ್ದರೆ ಅಲ್ಲಿ ಹೆಸರಿರುತ್ತದೆ. ಅಧಿಕೃತ ತಾಣದಿಂದ ತಂದದ್ದಾದರೆ ವಾಪಸ್ ತಂದು ಆ ಫೋಲ್ಡರ್‌ಗೆ ವಿನಾಯಿತಿ ಕೊಡಿ. ‘ಕ್ರ್ಯಾಕ್’ ಹಾಕಿದ (ಲೈಸೆನ್ಸ್ ಬೀಗ ಮುರಿದ) ತಂತ್ರಾಂಶವಾದರೆ ಆಂಟಿವೈರಸ್ ಹೇಳಿದ್ದೇ ಸರಿಯಿರಬಹುದು, ಆ ಜಗಳಕ್ಕೆ ನಾವು ಬರುವುದಿಲ್ಲ.

ನೀಲಿ ಪರದೆಯಲ್ಲಿ ‘ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ’ ಎಂದು ಬಂದರೆ ಅದು ಸ್ಮಾರ್ಟ್‌ಸ್ಕ್ರೀನ್. ವೈರಸ್ ಸಿಕ್ಕಿದೆ ಎಂದಲ್ಲ, ಈ ಫೈಲ್ ಹೆಚ್ಚು ಜನ ಬಳಸಿ ಗೊತ್ತಿಲ್ಲ ಎಂದಷ್ಟೇ. ಮೂಲ ನಂಬಿಕೆಯದ್ದಾದರೆ ‘ಮೋರ್ ಇನ್ಫೋ’ ಒತ್ತಿ ‘ರನ್ ಎನಿವೇ’ ಕೊಡಬಹುದು.

ವರ್ಡ್, ಎಕ್ಸೆಲ್ ಮಾತ್ರ ತೆರೆಯುತ್ತಿಲ್ಲ.

ಕಂಟ್ರೋಲ್ ಕೀಲಿ ಹಿಡಿದುಕೊಂಡೇ ಐಕಾನ್ ತೆರೆಯಿರಿ. ಸೇಫ್ ಮೋಡ್ ಬೇಕೇ ಎಂದು ಕೇಳುತ್ತದೆ, ಹೌದೆನ್ನಿ. ಸೇಫ್ ಮೋಡ್‌ನಲ್ಲಿ ತೆರೆದರೆ ತಪ್ಪು ಯಾವುದೋ ಆಡ್-ಇನ್‌ನದ್ದು. ಆಪ್ಶನ್ಸ್‌ನಲ್ಲಿ ಎಲ್ಲವನ್ನೂ ತೆಗೆದು ಒಂದೊಂದಾಗಿ ಸೇರಿಸುತ್ತ ಬನ್ನಿ. ಸೇಫ್ ಮೋಡ್‌ನಲ್ಲೂ ಇಲ್ಲವೆಂದರೆ ಇನ್‌ಸ್ಟಾಲ್ಡ್ ಆಪ್ಸ್ ಪಟ್ಟಿಯಲ್ಲಿ ಆಫೀಸ್ ಹುಡುಕಿ ಮಾಡಿಫೈ ಒತ್ತಿ, ‘ಕ್ವಿಕ್ ರಿಪೇರ್’, ಅದಕ್ಕೂ ಬಗ್ಗದಿದ್ದರೆ ‘ಆನ್‌ಲೈನ್ ರಿಪೇರ್’. ಪ್ರಿಂಟರ್ ವಿಷಯ ಮೇಲೆ ಹೇಳಿದೆ.

ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದರೂ ಅದೇ ತೊಂದರೆ. ಹೇಗೆ ಸಾಧ್ಯ?

ಅನ್‌ಇನ್‌ಸ್ಟಾಲ್ ಮಾಡಿದಾಗ ಹೋಗುವುದು ಪ್ರೋಗ್ರಾಂ. ನಿಮ್ಮ ಸೆಟ್ಟಿಂಗ್ ಫೈಲ್‌ಗಳು ಆಪ್‌ಡೇಟಾ ಫೋಲ್ಡರ್‌ನಲ್ಲಿ ಹಾಗೇ ಉಳಿಯುವುದೇ ಹೆಚ್ಚು. ಕೆಟ್ಟದ್ದು ಅದೇ ಆಗಿದ್ದರೆ ಹೊಸದಾಗಿ ಬಂದ ಪ್ರೋಗ್ರಾಂ ಕೂಡ ಅದನ್ನೇ ಓದಿ ಅದೇ ಜಾಗದಲ್ಲಿ ಬೀಳುತ್ತದೆ.

ಪರೀಕ್ಷೆ ಸುಲಭ. ಹೊಸ ವಿಂಡೋಸ್ ಅಕೌಂಟ್ ಒಂದನ್ನು ಮಾಡಿ ಅದರಲ್ಲಿ ತೆರೆದು ನೋಡಿ. ಅಲ್ಲಿ ತೆರೆದರೆ ಪ್ರೋಗ್ರಾಂ ಚೆನ್ನಾಗಿದೆ, ನಿಮ್ಮ ಸೆಟ್ಟಿಂಗ್ ಕೆಟ್ಟಿದೆ. ಆಗ ನಿಮ್ಮ ಅಕೌಂಟ್‌ಗೆ ಮರಳಿ, ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ, ಎರಡು ಶೇಕಡಾ ಚಿಹ್ನೆಗಳ ನಡುವೆ ಆಪ್‌ಡೇಟಾ ಎಂದು ಬರೆದು ಎಂಟರ್ ಕೊಡಿ. ಆ ತಂತ್ರಾಂಶದ ಹೆಸರಿನ ಫೋಲ್ಡರ್‌ನ ಹೆಸರು ಬದಲಿಸಿ, ಕೊನೆಗೆ ‘ಹಳೆಯದು’ ಎಂದು ಸೇರಿಸಿದರೂ ಆಯಿತು. ಅಳಿಸಬೇಡಿ, ಒಳಗೆ ನಿಮ್ಮ ಟೆಂಪ್ಲೇಟು, ಬುಕ್‌ಮಾರ್ಕು, ಮೇಲ್ ಇರಬಹುದು. ‘ಲೋಕಲ್’ ಎಂಬ ಪಕ್ಕದ ಫೋಲ್ಡರ್‌ನಲ್ಲೂ ಇದೇ ಹೆಸರು ಇರುವ ಸಾಧ್ಯತೆ ಇದೆ.

ಇದೇ ಕಾರಣಕ್ಕೆ ಸೆಟ್ಟಿಂಗ್ಸ್‌ನಲ್ಲಿ ಕೆಲವು ಆಪ್‌ಗಳಿಗಿರುವ ‘ರಿಪೇರ್’ ಒತ್ತಲು ಹೆದರಬೇಕಿಲ್ಲ, ‘ರೀಸೆಟ್’ ಒತ್ತುವ ಮುನ್ನ ಯೋಚಿಸಿ. ಎರಡನೆಯದು ಆಪ್‌ನ ಡೇಟಾವನ್ನೂ ಒರೆಸುತ್ತದೆ.

ಸರ್ವರ್ ಕಂಪ್ಯೂಟರ್‌ನಲ್ಲಿ ತೆರೆಯುತ್ತದೆ, ಪಕ್ಕದ ಟೇಬಲ್‌ನದರಲ್ಲಿ ಇಲ್ಲ.

ಸರ್ವರ್‌ನ (ಡೇಟಾ ಇಟ್ಟುಕೊಂಡಿರುವ ಮುಖ್ಯ ಕಂಪ್ಯೂಟರ್) ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಬದಲಾಗಿದೆಯೇ ನೋಡಿ. ರೂಟರ್ ಆರಿಸಿ ಹಾಕಿದಾಗ ಬದಲಾಗುವುದು ಸಾಮಾನ್ಯ. ಸರ್ವರ್‌ಗೆ ಸ್ಥಿರ ವಿಳಾಸ ಕೊಟ್ಟುಬಿಡಿ. ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ಬಳಸುವ ತಂತ್ರಾಂಶವಾದರೆ, ಸರ್ವಿಸಸ್ ಪಟ್ಟಿಯಲ್ಲಿ ಅದು ‘ರನ್ನಿಂಗ್’ ಎಂದಿರಬೇಕು.

ಜೆಡ್ ಡ್ರೈವ್ ಎಂದೋ ಮತ್ತೊಂದೋ ಹೆಸರಿನಲ್ಲಿ ಫೋಲ್ಡರ್ ಹಂಚಿಕೊಂಡಿದ್ದರೆ, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದ ಪ್ರೋಗ್ರಾಂಗೆ ಆ ಡ್ರೈವ್ ಕಾಣದೇ ಹೋಗಬಹುದು. ಸರಿ ಮಾಡಲೆಂದು ಹಾಕಿದ ಟಿಕ್ಕೇ ಕೆಡಿಸಿರುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಬಂದ ಮೇಲೆ ಹಂಚಿಕೆ ನಿಂತಿದ್ದರೆ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶದ ಮೇಲೆ ಸಂಶಯಪಡಿ. ಸರ್ವರ್‌ನಲ್ಲಿ ಪಾಸ್‌ವರ್ಡ್ ಇರುವ ಅಕೌಂಟ್ ಮಾಡಿ ಅದರಿಂದ ಸಂಪರ್ಕಿಸಿ.

ಕರೆಂಟ್ ಹೋಗಿ ಬಂದ ಮೇಲೆ ತೆರೆಯುತ್ತಿಲ್ಲ.

ಪ್ರೋಗ್ರಾಂ ಓಡುವಾಗ ತಾನು ಬಳಕೆಯಲ್ಲಿದ್ದೇನೆ ಎಂದು ಒಂದು ಲಾಕ್ ಫೈಲ್ ಇಟ್ಟಿರುತ್ತದೆ. ಸರಿಯಾಗಿ ಮುಚ್ಚಿದಾಗ ಅದು ಅಳಿಯುತ್ತದೆ, ಕರೆಂಟ್ ಹೋದರೆ ಉಳಿಯುತ್ತದೆ. ಆಕ್ಸೆಸ್ ಡೇಟಾಬೇಸ್‌ನ ಪಕ್ಕ ಎಲ್‌ಡಿಬಿ ಎಂದು ಮುಗಿಯುವ ಫೈಲ್ ಇದ್ದು, ಯಾವ ಕಂಪ್ಯೂಟರ್‌ನಲ್ಲೂ ಪ್ರೋಗ್ರಾಂ ತೆರೆದಿಲ್ಲವೆಂದು ಖಚಿತವಾದರೆ ಅದನ್ನು ತೆಗೆಯಬಹುದು. ಅದಕ್ಕೂ ಮುಂಚೆ ಡೇಟಾ ಫೋಲ್ಡರ್ ಪೂರ್ತಿ ಒಂದು ಕಾಪಿ ಮಾಡಿಡಿ.

ಹಳೆಯ ಡೆಸ್ಕ್‌ಟಾಪ್ ಆದರೆ ಗಡಿಯಾರ ನೋಡಿ. ಮದರ್‌ಬೋರ್ಡ್ ಮೇಲಿನ ಸಿಆರ್2032 ಸೆಲ್ ಸತ್ತಿದ್ದರೆ ತಾರೀಖು ವರ್ಷಗಟ್ಟಲೆ ಹಿಂದೆ ಹೋಗಿ, ಲೈಸೆನ್ಸ್ ಮತ್ತು ಸರ್ಟಿಫಿಕೇಟ್ ಪರೀಕ್ಷಿಸುವ ತಂತ್ರಾಂಶಗಳು ಮುಷ್ಕರ ಹೂಡುತ್ತವೆ. ಸೆಲ್ ಬದಲಿಸಿದರೆ ಮುಗಿಯಿತು.

ಒಂದಲ್ಲ, ಯಾವ ಸಾಫ್ಟ್‌ವೇರೂ ತೆರೆಯುತ್ತಿಲ್ಲ.

ಸಿ ಡ್ರೈವ್ ತುಂಬಿದೆಯೇ ನೋಡಿ. ತುಂಬಿದ್ದರೆ ಬೇರೇನೂ ಹುಡುಕುವ ಮುನ್ನ ಜಾಗ ಮಾಡಿ. ಜಾಗ ಇದ್ದರೆ ವಿಂಡೋಸ್‌ನ ಫೈಲ್‌ಗಳೇ ಕೆಟ್ಟಿರಬಹುದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಡಿಐಎಸ್‌ಎಂ ಆದೇಶವನ್ನು ‘ಆನ್‌ಲೈನ್’, ‘ಕ್ಲೀನಪ್-ಇಮೇಜ್’, ‘ರಿಸ್ಟೋರ್‌ಹೆಲ್ತ್’ ಎಂಬ ಮೂರು ಸ್ವಿಚ್‌ಗಳೊಂದಿಗೆ ಕೊಡಿ, ಪ್ರತಿಯೊಂದರ ಮೊದಲಿಗೆ ಅಂಟಿದಂತೆ ಒಂದು ಓರೆಗೆರೆ (/). ಅದು ಮುಗಿದ ಮೇಲೆ ಎಸ್‌ಎಫ್‌ಸಿ, ಜಾಗ, ಓರೆಗೆರೆ, ಸ್ಕ್ಯಾನ್‌ನೌ. ಮೊದಲನೆಯದು ದುರಸ್ತಿಯ ಉಗ್ರಾಣವನ್ನು ಸರಿಪಡಿಸುತ್ತದೆ, ಎರಡನೆಯದು ಅದರಿಂದ ಫೈಲ್ ತಂದು ಕೂರಿಸುತ್ತದೆ, ಆದ್ದರಿಂದ ಈ ಕ್ರಮ. ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಇದ್ಯಾವುದೂ ಬೇಡ, ಮೊದಲು ಡೇಟಾ ಹೊರತೆಗೆಯಿರಿ.

ಹೊಸ ಲ್ಯಾಪ್‌ಟಾಪ್. ಇನ್‌ಸ್ಟಾಲ್ ಮಾಡಲೇ ಬಿಡುವುದಿಲ್ಲ.

ವಿಂಡೋಸ್ ‘ಎಸ್ ಮೋಡ್’ನಲ್ಲಿದ್ದರೆ ಮೈಕ್ರೋಸಾಫ್ಟ್ ಸ್ಟೋರ್‌ನ ಆಪ್‌ಗಳಿಗೆ ಮಾತ್ರ ಪ್ರವೇಶ. ಹೊರಬರಲು ದುಡ್ಡಿಲ್ಲ, ಆದರೆ ಒಮ್ಮೆ ಬಂದರೆ ಹಿಂದಿರುಗಲಾಗದು. ಸ್ನಾಪ್‌ಡ್ರ್ಯಾಗನ್ ಚಿಪ್‌ನ ಲ್ಯಾಪ್‌ಟಾಪ್ ಆದರೆ ಸಾಮಾನ್ಯ ಪ್ರೋಗ್ರಾಂಗಳು ಎಮ್ಯುಲೇಶನ್ (ಬೇರೆ ಚಿಪ್‌ನಂತೆ ನಟಿಸುವ ವ್ಯವಸ್ಥೆ) ಮೂಲಕ ಓಡುತ್ತವೆ, ಡ್ರೈವರ್‌ಗಳು ಮಾತ್ರ ಆ ಚಿಪ್‌ಗೆಂದೇ ಮಾಡಿದವು ಬೇಕು. ಡಾಂಗಲ್, ಡಿಜಿಟಲ್ ಸಿಗ್ನೇಚರ್ ಟೋಕನ್, ಹಳೆಯ ಪ್ರಿಂಟರ್ ನಂಬಿ ಕೆಲಸ ಮಾಡುವವರು ಕೊಳ್ಳುವ ಮೊದಲೇ ವಿಚಾರಿಸಿ.

ಮ್ಯಾಕ್‌ನಲ್ಲಿ ಆಪ್ ತೆರೆಯುತ್ತಿಲ್ಲ.

2019ರ ಮ್ಯಾಕ್ ಆವೃತ್ತಿ ಕ್ಯಾಟಲಿನಾದಿಂದ 32 ಬಿಟ್ ಆಪ್‌ಗಳು ಓಡುವುದಿಲ್ಲ, ಅದಕ್ಕೆ ಉಪಾಯವಿಲ್ಲ. ಡೆವಲಪರ್ ಯಾರೆಂದು ಗೊತ್ತಿಲ್ಲ ಎಂದು ತಡೆದರೆ, ಸಿಸ್ಟಂ ಸೆಟ್ಟಿಂಗ್ಸ್‌ನ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ಯಲ್ಲಿ ಕೆಳಗೆ ಹೋಗಿ ‘ಓಪನ್ ಎನಿವೇ’ ಒತ್ತಿ. ಹಿಂದೆ ಕಂಟ್ರೋಲ್ ಕ್ಲಿಕ್‌ನಿಂದ ಆಗುತ್ತಿದ್ದದ್ದು 2024ರ ಸಿಕೋಯಾ ಆವೃತ್ತಿಯಿಂದ ಆಗದು.

ಲಿನಕ್ಸ್‌ನಲ್ಲಿ?

ಐಕಾನ್ ಬಿಟ್ಟು ಟರ್ಮಿನಲ್‌ನಲ್ಲಿ ಹೆಸರು ಬರೆದು ಓಡಿಸಿ, ಕಾರಣ ಅಲ್ಲೇ ಅಚ್ಚಾಗುತ್ತದೆ. ಆಪ್‌ಇಮೇಜ್ (ಒಂದೇ ಫೈಲಿನಲ್ಲಿ ಬರುವ ಆಪ್) ಆದರೆ ಫೈಲ್‌ಗೆ ಎಕ್ಸಿಕ್ಯೂಟ್ (ಓಡಿಸುವ) ಅನುಮತಿ ಕೊಟ್ಟಿದ್ದೀರಾ ನೋಡಿ. ಉಬುಂಟು 22.04ರಿಂದ ಈಚೆಗೆ ಲಿಬ್‌ಫ್ಯೂಸ್2 ಎಂಬ ಸಹಾಯಕ ಪ್ಯಾಕೇಜ್ ಮೊದಲೇ ಬರುವುದಿಲ್ಲ, ಹಲವು ಆಪ್‌ಇಮೇಜ್‌ಗಳಿಗೆ ಅದು ಬೇಕು.

ರಿಪೇರಿ ಅಂಗಡಿಯಲ್ಲಿ ‘ಫಾರ್ಮ್ಯಾಟ್ ಹೊಡೀಬೇಕು’ ಎನ್ನುತ್ತಾರೆ. ಒಪ್ಪಲೇ?

ಕಾರಣ ಏನೆಂದು ಕೇಳಿ. ‘ವಿಂಡೋಸ್ ಕರಪ್ಟ್ ಆಗಿದೆ’ ಎನ್ನುವುದು ಕಾರಣವಲ್ಲ, ಈವೆಂಟ್ ವ್ಯೂವರ್‌ನಲ್ಲಿ ಏನಿತ್ತು ಎಂದು ಕೇಳಿ. ಅಂಗಡಿಯವರಿಗೆ ಫಾರ್ಮ್ಯಾಟ್ ಮಾಡುವುದು ಪತ್ತೆ ಮಾಡುವುದಕ್ಕಿಂತ ಬೇಗ ಮುಗಿಯುವ ಕೆಲಸ. ಆದರೆ ಸಂಜೆ ಕೂತು ಬಿಲ್ಲಿಂಗ್, ಫಾಂಟ್, ಪ್ರಿಂಟರ್, ಡಾಂಗಲ್ ಎಲ್ಲ ಮತ್ತೆ ಹಾಕುವವರು ನೀವು. ಕೊನೆಗೆ ಡಿಫಾಲ್ಟ್ ಪ್ರಿಂಟರ್ ಹಳೆಯದೇ ಇಟ್ಟರೆ ತೊಂದರೆಯೂ ಹಳೆಯದೇ ಬರುತ್ತದೆ. ವೈರಸ್ ಆಳಕ್ಕಿಳಿದಿದ್ದರೆ, ಡಿಸ್ಕ್ ಬದಲಿಸಿದ್ದರೆ, ಡಿಐಎಸ್‌ಎಂ ಕೂಡ ಸೋತಿದ್ದರೆ ಫಾರ್ಮ್ಯಾಟ್ ಸರಿಯೇ. ಒಪ್ಪುವ ಮುನ್ನ ಡೇಟಾ ಫೋಲ್ಡರ್, ಆಪ್‌ಡೇಟಾ, ವರ್ಚುಯಲ್‌ಸ್ಟೋರ್, ಲೈಸೆನ್ಸ್ ಕೀಲಿಗಳು ನಿಮ್ಮ ಕೈಯಲ್ಲಿರಲಿ. ‘ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಬ್ಯಾಕಪ್ ತಗೊಂಡಿದ್ದೀವಿ ಸರ್’ ಎನ್ನುವವರ ಬ್ಯಾಕಪ್‌ನಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ.

ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡುವಾಗ ಏನೇನು ಹೇಳಬೇಕು?

ಎರರ್ ಮೆಸೇಜ್‌ನ ಪೂರ್ತಿ ಫೋಟೊ, ವಿಂಡೋಸ್‌ನ ಆವೃತ್ತಿ (ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ ವಿನ್‌ವರ್ ಎಂದು ಬರೆದರೆ ಸಿಗುತ್ತದೆ), ಫಾಲ್ಟಿಂಗ್ ಮಾಡ್ಯೂಲ್ ಹೆಸರು, ಕೊನೆಯದಾಗಿ ಸರಿಯಿದ್ದ ದಿನ, ಆಮೇಲೆ ಏನು ಬದಲಾಯಿತು. ಫೋನ್ ನಂಬರನ್ನು ಬಿಲ್‌ನಿಂದಲೋ ಕಂಪನಿಯ ಸ್ವಂತ ತಾಣದಿಂದಲೋ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್’ ಎಂದು ಹುಡುಕಿ ಮೊದಲು ಸಿಕ್ಕವರಿಗೆ ಎನಿಡೆಸ್ಕ್ (ದೂರದಿಂದ ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ಆಪ್) ಕೋಡ್ ಕೊಟ್ಟರೆ ಬ್ಯಾಂಕ್ ಖಾತೆಗೂ ದಾರಿ ಕೊಟ್ಟಂತೆ. ನಿಜವಾದ ಬೆಂಬಲದವರೇ ಆದರೂ ಅವರು ಪರದೆಯಲ್ಲಿ ಕೆಲಸ ಮಾಡುವಷ್ಟು ಹೊತ್ತು ಎದುರಿಗೇ ಕೂತಿರಿ, ಏನು ಬದಲಿಸಿದರೆಂದು ಬರೆದಿಟ್ಟುಕೊಳ್ಳಿ.